ಕುರ್ಚಿ ಖಾಲಿಯಾಗುವ ಮೊದಲೇ ಕೇಳಿ: ಅಮೆರಿಕದಲ್ಲಿ ವೋಟು ಹಾಕುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಕನ್ನಡ ಬಂಧುಗಳೇ,

ನ್ಯೂಜೆರ್ಸಿ, ಡಲ್ಲಾಸ್, ಬೇ ಏರಿಯಾ, ಅಟ್ಲಾಂಟಾ, ನೀವು ಎಲ್ಲೇ ಇರಿ. ಪೌರತ್ವ ಪಡೆದು ಇಲ್ಲಿ ವೋಟು ಹಾಕುವ ಎಲ್ಲ ಕನ್ನಡಿಗರಿಗೂ ಈ ಪತ್ರ. ನೀವು ಡೆಮಾಕ್ರಟ್ ಆಗಿರಬಹುದು, ರಿಪಬ್ಲಿಕನ್ ಆಗಿರಬಹುದು, ಎರಡೂ ಬೇಡ ಅನ್ನುವವರೂ ಆಗಿರಬಹುದು. ಯಾರಿಗೆ ವೋಟು ಹಾಕಬೇಕು ಅಂತ ಹೇಳೋದು ನನ್ನ ಉದ್ದೇಶ ಅಲ್ಲ. ನಿಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳಿಗೆ ಒಂದು ಪ್ರಶ್ನೆ ಕೇಳಿ ಅಂತ ಬೇಡಿಕೊಳ್ಳೋದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳನ್ನು ಅಧ್ಯಕ್ಷರು ಹೆಸರಿಸುತ್ತಾರೆ; ಸೆನೆಟ್‌ನ ಸಮಿತಿ ಅವರನ್ನು ಕೂರಿಸಿ ಪ್ರಶ್ನೆ ಕೇಳುತ್ತೆ (ಇದಕ್ಕೇ ವಿಚಾರಣೆ ಅನ್ನೋದು), ಆಮೇಲೆ ಸೆನೆಟ್ ವೋಟು ಹಾಕಿ ಒಪ್ಪಬೇಕು. ನನ್ನ ಪ್ರಶ್ನೆ ಇಷ್ಟು. ಅಧ್ಯಕ್ಷರ ಚುನಾವಣೆ ನಡೆಯುವ ವರ್ಷದಲ್ಲಿ ಸುಪ್ರೀಂ ಕೋರ್ಟಿನ ಒಂದು ಜಾಗ ಖಾಲಿಯಾದರೆ ನೀವು ಏನು ಮಾಡುತ್ತೀರಿ? ಅಧ್ಯಕ್ಷರು ನಿಮ್ಮ ಪಕ್ಷದವರಾದರೂ ಎದುರು ಪಕ್ಷದವರಾದರೂ ನಿಮ್ಮ ಉತ್ತರ ಒಂದೇನಾ?

ಉತ್ತರ ಬರಹದಲ್ಲಿ ಬರಲಿ. ಈಗಲೇ ಬರಲಿ. ಜಾಗ ಖಾಲಿಯಾದ ಮೇಲೆ ಕೇಳಿದರೆ ಏನು ಉತ್ತರ ಬರುತ್ತೆ ಅನ್ನೋದನ್ನ ನಾವು ಎರಡು ಸಲ ಕಣ್ಣಾರೆ ನೋಡಿದ್ದೇವೆ.

ಮೊದಲನೆಯದು 2016ರ ಫೆಬ್ರವರಿ 13, ಶನಿವಾರ. ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ಟೆಕ್ಸಸ್‌ನ ಒಂದು ರ್‍ಯಾಂಚ್‌ನಲ್ಲಿ ತೀರಿಕೊಂಡರು. ಅವರಿಗೆ 79 ವರ್ಷ. ಸುದ್ದಿ ಹೊರಬಿದ್ದು ಇನ್ನೂ ದಿನ ಕಳೆದಿರಲಿಲ್ಲ, ಸೆನೆಟ್‌ನಲ್ಲಿ ಬಹುಮತವಿದ್ದ ರಿಪಬ್ಲಿಕನ್ನರ ನಾಯಕ ಮಿಚ್ ಮಕಾನೆಲ್ ಅವರ ಹೇಳಿಕೆ ಬಂತು. ಮುಂದಿನ ನ್ಯಾಯಮೂರ್ತಿಯ ಆಯ್ಕೆಯಲ್ಲಿ ಅಮೆರಿಕದ ಜನರ ಮಾತಿಗೂ ಜಾಗ ಇರಬೇಕು, ಹಾಗಾಗಿ ಹೊಸ ಅಧ್ಯಕ್ಷರು ಬರುವವರೆಗೆ ಈ ಸ್ಥಾನ ತುಂಬಬಾರದು ಅನ್ನೋದು ಅದರ ಸಾರ. ಆಗ ಚುನಾವಣೆಗೆ ಇನ್ನೂ ಸುಮಾರು ಒಂಬತ್ತು ತಿಂಗಳಿತ್ತು. ಫೆಬ್ರವರಿ 23ಕ್ಕೆ ಸೆನೆಟ್‌ನ ನ್ಯಾಯಾಂಗ ಸಮಿತಿಯ ಹನ್ನೊಂದೂ ಜನ ರಿಪಬ್ಲಿಕನ್ ಸದಸ್ಯರು ಒಂದು ಪತ್ರಕ್ಕೆ ಸಹಿ ಹಾಕಿದರು. ಯಾರ ಹೆಸರೇ ಬರಲಿ, ವಿಚಾರಣೆ ನಡೆಸೋದಿಲ್ಲ ಅಂತ. ಅಷ್ಟೊತ್ತಿಗೆ ಇನ್ನೂ ಯಾವ ಹೆಸರೂ ಬಂದಿರಲಿಲ್ಲ!

ಮಾರ್ಚ್ 16ಕ್ಕೆ ಡೆಮಾಕ್ರಟ್ ಅಧ್ಯಕ್ಷ ಬರಾಕ್ ಒಬಾಮ ಅವರು ಮೆರಿಕ್ ಗಾರ್ಲೆಂಡ್ ಅವರ ಹೆಸರು ಹೇಳಿದರು. ವಾಷಿಂಗ್ಟನ್ ಡಿಸಿಯ ಫೆಡರಲ್ ಮೇಲ್ಮನವಿ ಕೋರ್ಟಿನ ಮುಖ್ಯ ನ್ಯಾಯಾಧೀಶರು. ಒಕ್ಲಹೋಮ ಸಿಟಿ ಬಾಂಬ್ ಸ್ಫೋಟದ ಕೇಸಿನ ಮೇಲುಸ್ತುವಾರಿ ನೋಡಿದವರು. ರಿಪಬ್ಲಿಕನ್ ಹಿರಿಯ ಆರಿನ್ ಹ್ಯಾಚ್ ಅವರೇ ಹಿಂದೆ ಹೊಗಳಿದ್ದ ಮನುಷ್ಯ. ಶ್ವೇತಭವನದ ರೋಸ್ ಗಾರ್ಡನ್‌ನಲ್ಲಿ ಮಾತಾಡುವಾಗ ಗಾರ್ಲೆಂಡ್ ಅವರ ಗಂಟಲು ಕಟ್ಟಿತು. ಆಮೇಲಿನ ತಿಂಗಳುಗಳಲ್ಲಿ ಅವರು ಅನೇಕ ಸೆನೆಟರ್‌ಗಳ ಆಫೀಸಿಗೆ ಹೋಗಿ ಕೂತರು. ನ್ಯಾಯಾಂಗ ಸಮಿತಿಯ ಅಧ್ಯಕ್ಷ ಚಕ್ ಗ್ರಾಸ್ಲಿ ಅವರು ಏಪ್ರಿಲ್‌ನಲ್ಲಿ ಅವರನ್ನು ತಿಂಡಿಗೆ ಕರೆದರು. ತಿಂಡಿಗೆ ಕರೆದು, ನಿಮ್ಮ ವಿಚಾರಣೆ ಯಾಕೆ ನಡೆಸೋದಿಲ್ಲ ಅಂತ ವಿವರಿಸಿದರು. ಗಾರ್ಲೆಂಡ್ ಸಮಿತಿಯ ಪ್ರಶ್ನಾವಳಿಯನ್ನೂ ಹಾಳೆಗಟ್ಟಲೆ ತುಂಬಿ ಕೊಟ್ಟರು. ಅದರ ಮೇಲೆ ಒಂದು ದಿನವೂ ವಿಚಾರಣೆ ನಡೆಯಲಿಲ್ಲ. 293 ದಿನ ಕಾದ ಮೇಲೆ, 2017ರ ಜನವರಿ 3ಕ್ಕೆ ಆ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಅವಧಿ ಮುಗಿದಾಗ, ಅವರ ಹೆಸರು ತಾನಾಗಿಯೇ ಬಿದ್ದುಹೋಯಿತು. ಅದಕ್ಕೂ ಮೊದಲು ಅತಿ ಜಾಸ್ತಿ ಕಾದವರು ಲೂಯಿಸ್ ಬ್ರಾಂಡೈಸ್, 125 ದಿನ. ಅದೂ ಚುನಾವಣೆ ವರ್ಷವೇ, 1916. ಆದರೆ ಅವರಿಗೆ ವಿಚಾರಣೆ ಸಿಕ್ಕಿತ್ತು, ವೋಟೂ ಸಿಕ್ಕಿತ್ತು, ಅವರು ಗೆದ್ದೂ ಇದ್ದರು.

ಗಾರ್ಲೆಂಡ್ ಅವರನ್ನು ಸೆನೆಟ್ ಸೋಲಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ರಿಪಬ್ಲಿಕನ್ನರಿಗೆ ನೂರರಲ್ಲಿ 54 ಸ್ಥಾನ ಇತ್ತು. ಕೂರಿಸಿ ಪ್ರಶ್ನೆ ಕೇಳಿ, ಬೇಡ ಅಂತ ಕೈ ಎತ್ತಬಹುದಿತ್ತು. ಅದು ಅವರ ಹಕ್ಕು. ಬೇಡ ಅಂದವರು ಯಾರು ಅನ್ನೋದು ದಾಖಲೆಯಲ್ಲಿ ಉಳಿಯುತ್ತಿತ್ತು. ಮುಂದಿನ ಚುನಾವಣೆಯಲ್ಲಿ ಜನ ಕೇಳುತ್ತಿದ್ದರು. ಆದರೆ ಯಾರೂ ವೋಟೇ ಹಾಕದ ಹಾಗೆ ನೋಡಿಕೊಂಡರು. ನೂರು ಜನರಲ್ಲಿ ಒಬ್ಬರ ಹೆಸರೂ ಯಾವ ಕಡೆಗೂ ದಾಖಲಾಗಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರೋದು ಇದಕ್ಕೇ.

ಆ ಖಾಲಿ ಕುರ್ಚಿಯಿಂದ ಏನಾಯ್ತು ಅನ್ನೋದಕ್ಕೆ ಒಂದು ಉದಾಹರಣೆ ಸಾಕು. ಅಮೆರಿಕದ ಪ್ರಜೆಗಳಾದ ಅಥವಾ ಗ್ರೀನ್ ಕಾರ್ಡ್ ಇರುವ ಮಕ್ಕಳಿದ್ದು, ತಮಗೆ ಕಾಗದ ಪತ್ರ ಇಲ್ಲದ ತಂದೆತಾಯಿಗಳಿಗೆ ಒಬಾಮ ಸರ್ಕಾರ ತಾತ್ಕಾಲಿಕ ರಕ್ಷಣೆ ಕೊಡಲು ಹೊರಟಿತ್ತು. ಸುಮಾರು 40 ಲಕ್ಷ ಜನರ ವಿಷಯ. ಟೆಕ್ಸಸ್ ಮತ್ತು ಇನ್ನಷ್ಟು ರಾಜ್ಯಗಳು ಕೋರ್ಟಿಗೆ ಹೋದವು. 2016ರ ಜೂನ್ 23ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಒಂದೇ ಸಾಲು. ಕೋರ್ಟ್ ಸಮಸಮ ಹಂಚಿಹೋಗಿದೆ, ಹಾಗಾಗಿ ಕೆಳಗಿನ ಕೋರ್ಟಿನ ತೀರ್ಪೇ ಉಳಿಯುತ್ತದೆ ಅಂತ. ನಾಲ್ಕು ಜನ ಆ ಕಡೆ, ನಾಲ್ಕು ಜನ ಈ ಕಡೆ. ಯಾರು ಯಾವ ಕಡೆ, ಯಾಕೆ ಅನ್ನೋದಕ್ಕೆ ಒಂದು ವಾಕ್ಯದ ಕಾರಣವೂ ಇರಲಿಲ್ಲ. ಆ ಯೋಜನೆ ನಿಮಗೆ ಸರಿ ಕಂಡಿರಬಹುದು, ತಪ್ಪು ಕಂಡಿರಬಹುದು. ಆದರೆ ಲಕ್ಷಗಟ್ಟಲೆ ಕುಟುಂಬಗಳಿಗೆ ದೇಶದ ಅತಿ ದೊಡ್ಡ ಕೋರ್ಟಿನಿಂದ ಸಿಕ್ಕಿದ್ದು ಅಷ್ಟು ಮಾತ್ರ.

ಇನ್ನು ಎರಡನೆಯದು. 2020ರ ಸೆಪ್ಟೆಂಬರ್ 18, ಶುಕ್ರವಾರ ಸಂಜೆ. ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು. 87 ವರ್ಷ. ಚುನಾವಣೆಗೆ 46 ದಿನ ಉಳಿದಿತ್ತು. ಅದೇ ರಾತ್ರಿ ಅದೇ ಮಕಾನೆಲ್ ಅವರ ಹೇಳಿಕೆ ಬಂತು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಯಾರ ಹೆಸರು ಕಳಿಸಿದರೂ ಸೆನೆಟ್‌ನಲ್ಲಿ ವೋಟಿಗೆ ಹಾಕುತ್ತೇವೆ ಅಂತ.

ಆಮೇಲೆ ಎಲ್ಲ ಓಟವೇ. ಸೆಪ್ಟೆಂಬರ್ 26ಕ್ಕೆ ಏಮಿ ಕೋನಿ ಬ್ಯಾರೆಟ್ ಅವರ ಹೆಸರು ಘೋಷಣೆ. ಅಕ್ಟೋಬರ್ 12ರಿಂದ ವಿಚಾರಣೆ. ಎರಡನೇ ದಿನ ಒಬ್ಬ ಸೆನೆಟರ್, ಎದುರಿಗೆ ಏನು ಟಿಪ್ಪಣಿ ಇಟ್ಟುಕೊಂಡಿದ್ದೀರಿ ಅಂತ ಕೇಳಿದರು. ಅವರು ನೋಟ್‌ಪ್ಯಾಡ್ ಎತ್ತಿ ತೋರಿಸಿದರು. ಖಾಲಿ. ಅವರ ಜಾಣತನದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಅಕ್ಟೋಬರ್ 22ಕ್ಕೆ ಸಮಿತಿಯ ವೋಟು. ಡೆಮಾಕ್ರಟರು ಬರಲೇ ಇಲ್ಲ. ತಮ್ಮ ಕುರ್ಚಿಗಳ ಮೇಲೆ ಆರೋಗ್ಯ ವಿಮೆ ಕಾನೂನನ್ನು ನಂಬಿ ಬದುಕಿದ್ದ ರೋಗಿಗಳ ದೊಡ್ಡ ದೊಡ್ಡ ಫೋಟೊ ಇಟ್ಟುಹೋಗಿದ್ದರು. 12–0. ಅಕ್ಟೋಬರ್ 26ಕ್ಕೆ ಇಡೀ ಸೆನೆಟ್‌ನಲ್ಲಿ 52–48. ಅದೇ ರಾತ್ರಿ ಶ್ವೇತಭವನದ ಹುಲ್ಲುಹಾಸಿನ ಮೇಲೆ ಪ್ರಮಾಣವಚನ. ಚುನಾವಣೆಗೆ ಎಂಟು ದಿನ ಬಾಕಿ. ಕೋಟಿಗಟ್ಟಲೆ ಜನ ಅಂಚೆಯಲ್ಲೋ ಮುಂಚಿತ ಮತಗಟ್ಟೆಯಲ್ಲೋ ಆಗಲೇ ವೋಟು ಹಾಕಿ ಆಗಿತ್ತು.

ಈ ವಿಚಾರಣೆ ನಡೆಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಲಿಂಡ್ಸೆ ಗ್ರಹಾಂ. ಅವರು 2016ರ ಮಾರ್ಚ್‌ನಲ್ಲಿ ಅದೇ ಸಮಿತಿಯಲ್ಲಿ ಕೂತು ಒಂದು ಮಾತು ಹೇಳಿದ್ದರು. ಮುಂದೆ ರಿಪಬ್ಲಿಕನ್ ಅಧ್ಯಕ್ಷರು ಬಂದು, ಮೊದಲ ಅವಧಿಯ ಕೊನೇ ವರ್ಷದಲ್ಲಿ ಜಾಗ ಖಾಲಿಯಾದರೆ, ಮುಂದಿನ ಅಧ್ಯಕ್ಷರೇ ನೇಮಿಸಲಿ ಅಂತ ಲಿಂಡ್ಸೆ ಗ್ರಹಾಂ ಹೇಳಿದ್ದ ಅನ್ನಿ, ನನ್ನ ಮಾತನ್ನೇ ನನ್ನ ವಿರುದ್ಧ ಬಳಸಿ ಅಂತ. ನಾಲ್ಕು ವರ್ಷಕ್ಕೆ ಅವರು ಹೇಳಿದ ಹಾಗೆಯೇ ಸಂದರ್ಭ ಬಂತು. ಎಲ್ಲರೂ ಆ ವಿಡಿಯೊ ಹಾಕಿದರು. ಏನೂ ಆಗಲಿಲ್ಲ. ಆ ನವೆಂಬರ್‌ನಲ್ಲಿ ಅವರು ಮತ್ತೆ ಗೆದ್ದೂ ಬಂದರು.

ರಿಪಬ್ಲಿಕನ್ ಗೆಳೆಯರೇ, ಇಷ್ಟು ಓದಿ ಪತ್ರ ಮಡಚಿಡಬೇಡಿ. ನಿಮ್ಮ ವಾದ ನನಗೆ ಗೊತ್ತು, ಅದರಲ್ಲಿ ನಿಜವೂ ಇದೆ. 1992ರ ಜೂನ್ 25ಕ್ಕೆ ಸೆನೆಟ್‌ನಲ್ಲಿ ನಿಂತು, ಈ ಚುನಾವಣೆ ಮುಗಿಯುವವರೆಗೆ ಅಧ್ಯಕ್ಷ ಬುಷ್ ಯಾರನ್ನೂ ಹೆಸರಿಸಬಾರದು ಅಂದವರು ಜೋ ಬೈಡನ್. ಆಗ ಅವರೇ ನ್ಯಾಯಾಂಗ ಸಮಿತಿಯ ಅಧ್ಯಕ್ಷರು. ಆ ವರ್ಷ ಜಾಗ ಖಾಲಿಯಾಗಲಿಲ್ಲ, ಹಾಗಾಗಿ ಮಾತು ಮಾತಾಗಿಯೇ ಉಳಿಯಿತು. 2013ರ ನವೆಂಬರ್ 21ಕ್ಕೆ ಕೆಳಗಿನ ಫೆಡರಲ್ ಕೋರ್ಟ್‌ಗಳ ನೇಮಕಕ್ಕೆ 60 ವೋಟು ಬೇಕು ಅನ್ನೋ ಪದ್ಧತಿಯನ್ನು ಮುರಿದವರು ಡೆಮಾಕ್ರಟ್ ನಾಯಕ ಹ್ಯಾರಿ ರೀಡ್. 2017ರ ಏಪ್ರಿಲ್‌ನಲ್ಲಿ ಮಕಾನೆಲ್ ಅದನ್ನೇ ಸುಪ್ರೀಂ ಕೋರ್ಟಿಗೂ ಎಳೆದರು. ಹಾಗೆ ಸ್ಕಲಿಯಾ ಅವರ ಜಾಗಕ್ಕೆ ನೀಲ್ ಗೋರ್ಸಚ್ ಬಂದರು, 54–45. ಆ ಕುರ್ಚಿ ಸುಮಾರು 14 ತಿಂಗಳು ಖಾಲಿ ಇತ್ತು.

ಘೋಷಣೆಗಳನ್ನು ನೆನಪು ಮಾಡಿಕೊಳ್ಳಿ. 2016ರಲ್ಲಿ ಡೆಮಾಕ್ರಟರು ಕೂಗಿದ್ದು "ನಿಮ್ಮ ಕೆಲಸ ಮಾಡಿ", "ಒಂಬತ್ತು ಜನ ಬೇಕು". ರಿಪಬ್ಲಿಕನ್ನರು ಕೂಗಿದ್ದು "ಜನ ತೀರ್ಮಾನಿಸಲಿ". 2020ರಲ್ಲಿ ಘೋಷಣೆಗಳು ಅದಲುಬದಲಾದವು. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಅದೇ ಆಯ್ತು, ಅಲ್ವಾ? ನಾಲ್ಕು ವರ್ಷ ಮುಂಚೆ ಸಂವಿಧಾನದ ಪುಟ ಹಾಕಿ ವಾದ ಮಾಡಿದವರೇ ಈಗ ಎದುರು ಕಡೆಯ ವಾದ ಮಾಡಿದರು. ಅಷ್ಟೇ ಜೋರಾಗಿ, ಅಷ್ಟೇ ಖಚಿತವಾಗಿ. ಓದಿದವರು, ಒಳ್ಳೆಯವರು, ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಿಕೊಳ್ಳುವವರು. ಸೆನೆಟರ್‌ಗಳು ಮಾತು ತಪ್ಪುವ ಧೈರ್ಯ ಮಾಡೋದು ನಾವು ಹೀಗೆ ಮರೆತುಬಿಡುತ್ತೇವೆ ಅನ್ನೋ ಭರವಸೆಯಿಂದ.

ಇತಿಹಾಸ ಏನು ಹೇಳುತ್ತೆ ಅಂತ ಇಬ್ಬರೂ ಉದಾಹರಣೆ ಹುಡುಕುತ್ತಾರೆ. ಇಬ್ಬರಿಗೂ ಸಿಗುತ್ತೆ. 1864ರ ಅಕ್ಟೋಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ರಾಜರ್ ಟೇನಿ ತೀರಿಕೊಂಡಾಗ ಅಬ್ರಹಾಂ ಲಿಂಕನ್ ಚುನಾವಣೆ ಮುಗಿಯುವವರೆಗೆ ಹೆಸರು ಕಳಿಸಲಿಲ್ಲ. 1956ರ ಅಕ್ಟೋಬರ್‌ನಲ್ಲಿ, ಚುನಾವಣೆಗೆ ಕೆಲವೇ ವಾರ ಇರುವಾಗ, ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್ ಡೆಮಾಕ್ರಟ್ ಆಗಿದ್ದ ವಿಲಿಯಂ ಬ್ರೆನನ್ ಅವರನ್ನು ಕೂರಿಸಿದರು. 1968ರಲ್ಲಿ ಲಿಂಡನ್ ಜಾನ್ಸನ್ ಅವರು ಏಬ್ ಫೋರ್ಟಸ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲು ಹೋಗಿ ಸೆನೆಟ್‌ನಲ್ಲಿ ಸಿಕ್ಕಿಕೊಂಡರು. ಆ ಜಾಗವನ್ನು ಮುಂದಿನ ವರ್ಷ ನಿಕ್ಸನ್ ತುಂಬಿದರು. ನನಗೆ ಇವೆಲ್ಲಕ್ಕಿಂತ ಹೆಚ್ಚು ಹತ್ತಿರವಾದದ್ದು 1988ರ ಫೆಬ್ರವರಿ 3. ಅಧ್ಯಕ್ಷ ರೇಗನ್ ಅವರ ಕೊನೇ ವರ್ಷ, ಚುನಾವಣೆ ವರ್ಷ, ಸೆನೆಟ್ ಡೆಮಾಕ್ರಟರ ಕೈಯಲ್ಲಿ. ಅವತ್ತು ಆಂಥೊನಿ ಕೆನಡಿ 97–0 ವೋಟಿನಿಂದ ನ್ಯಾಯಮೂರ್ತಿಯಾದರು. ರಾಬರ್ಟ್ ಬೋರ್ಕ್ ಅವರನ್ನು ಹಿಂದಿನ ವರ್ಷ ಸೋಲಿಸಿದ್ದು ಅದೇ ಸೆನೆಟ್. ಜಗಳ ಆಗಿತ್ತು, ಜೋರಾಗಿಯೇ ಆಗಿತ್ತು. ಆದರೆ ವಿಚಾರಣೆ ನಡೆಯಿತು, ವೋಟು ಬಿತ್ತು, ಸೋತವರೂ ಗೆದ್ದವರೂ ದಾಖಲೆಯಲ್ಲಿದ್ದಾರೆ. ಸ್ಕಲಿಯಾ ಅವರೇ 1986ರಲ್ಲಿ 98–0, ಗಿನ್ಸ್‌ಬರ್ಗ್ 1993ರಲ್ಲಿ 96–3. ಒಬ್ಬರಿಗೊಬ್ಬರು ವಿಚಾರದಲ್ಲಿ ಪೂರ್ತಿ ವಿರುದ್ಧ. ಇಬ್ಬರನ್ನೂ ಎರಡೂ ಪಕ್ಷ ಒಪ್ಪಿತ್ತು.

ಇನ್ನೊಂದು ವಿಷಯ ಇದೆ. ಅದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಗಿನ್ಸ್‌ಬರ್ಗ್ ಅವರ ಕೊನೆಯ ಎರಡು ವರ್ಷ ನೆನಪಿದೆಯಾ? ಅವರು ಆಸ್ಪತ್ರೆಗೆ ಹೋದರೆ ಸುದ್ದಿ. ಬಿದ್ದು ಪಕ್ಕೆಲುಬು ಮುರಿದರೆ ಸುದ್ದಿ. ಕ್ಯಾನ್ಸರ್ ಮರಳಿ ಬಂತಾ, ಎಷ್ಟು ತಿಂಗಳು ತಡೆದಾರು ಅಂತ ಟಿವಿಯಲ್ಲಿ ಚರ್ಚೆ. ಒಂದು ಕಡೆಯವರು ಅವರು ಚುನಾವಣೆವರೆಗೆ ಉಳಿಯಲಿ ಅಂತ ಪ್ರಾರ್ಥನೆ ಮಾಡುತ್ತಿದ್ದರು. ಇನ್ನೊಂದು ಕಡೆಯವರು ಏನು ಲೆಕ್ಕ ಹಾಕುತ್ತಿದ್ದರು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಹೊಸ ಅಧ್ಯಕ್ಷರು ಬರುವವರೆಗೆ ನನ್ನ ಜಾಗಕ್ಕೆ ಯಾರನ್ನೂ ತರಬಾರದು ಅನ್ನೋದು ನನ್ನ ಅತಿ ದೊಡ್ಡ ಆಸೆ ಅಂತ ಅವರು ಸಾಯುವ ಕೆಲವು ದಿನ ಮುಂಚೆ ಮೊಮ್ಮಗಳ ಹತ್ತಿರ ಬರೆಸಿದರಂತೆ. ಎಂಬತ್ತೇಳು ವರ್ಷದ ಹೆಂಗಸು. ಸಾಯುವ ಹೊತ್ತಿನಲ್ಲಿ ಕ್ಯಾಲೆಂಡರ್ ಬಗ್ಗೆ ಯೋಚನೆ ಮಾಡಬೇಕಾಗಿ ಬಂತು. ಒಂದು ದೇಶ ತನ್ನ ಮುದುಕರನ್ನು ಹೀಗೆ ಕಾಯಬಾರದು. ನಿಯಮ ಮೊದಲೇ ಗಟ್ಟಿಯಾಗಿದ್ದರೆ ಈ ಲೆಕ್ಕಾಚಾರದ ಅರ್ಧ ಭಾಗ ಅಲ್ಲೇ ಸಾಯುತ್ತಿತ್ತು.

"ಇದು ಅವರ ಜಗಳ, ನಮಗೇನು?" ಅಂತ ಕೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಎರಡು ಮಾತು.

2025ರ ಜನವರಿ 20ಕ್ಕೆ ಹೊರಟ ಅಧ್ಯಕ್ಷರ ಆದೇಶ ನೆನಪಿದೆಯಲ್ಲ? ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿರುವ ತಾಯಿಗೆ ಇಲ್ಲಿ ಮಗು ಹುಟ್ಟಿದರೆ, ತಂದೆಯೂ ಪ್ರಜೆಯೋ ಗ್ರೀನ್ ಕಾರ್ಡ್‌ನವರೋ ಅಲ್ಲದಿದ್ದರೆ, ಆ ಮಗುವಿಗೆ ಹುಟ್ಟಿನಿಂದ ಪೌರತ್ವ ಇಲ್ಲ ಅಂದ ಆದೇಶ. ನಮ್ಮ ಎಷ್ಟು ಮನೆಗಳಲ್ಲಿ ಆ ವಾರ ನಿದ್ದೆ ಇರಲಿಲ್ಲ! ಬಸುರಿ ಹೆಣ್ಣುಮಕ್ಕಳು ವಕೀಲರಿಗೆ ಫೋನ್ ಮಾಡುತ್ತಿದ್ದರು, ಊರಲ್ಲಿ ಅಪ್ಪ ಅಮ್ಮ ಗಾಬರಿಯಾಗಿದ್ದರು. ಕೆಳಗಿನ ಕೋರ್ಟ್‌ಗಳು ಅದನ್ನು ತಡೆದವು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ಜೂನ್ 27ಕ್ಕೆ ಕೋರ್ಟ್ 6–3ರಲ್ಲಿ, ಒಬ್ಬ ಜಿಲ್ಲಾ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯವಾಗುವ ತಡೆ ಕೊಡುವ ಅಧಿಕಾರವನ್ನು ಮೊಟಕು ಮಾಡಿತು. ತೀರ್ಪು ಬರೆದವರು ಬ್ಯಾರೆಟ್. ನೆನಪಿಡಿ, ಆ ಒಂಬತ್ತರಲ್ಲಿ ಎರಡು ಕುರ್ಚಿ ತುಂಬಿದ್ದು 2016 ಮತ್ತು 2020ರ ಜಗಳಗಳಿಂದ. ತೀರ್ಪು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನಮ್ಮ ಮಕ್ಕಳ ಪೌರತ್ವದ ಪ್ರಶ್ನೆ ಹೋಗಿ ನಿಲ್ಲೋದು ಆ ಒಂಬತ್ತು ಜನರ ಮುಂದೆಯೇ.

ಎರಡನೇ ಮಾತು ಇಲ್ಲಿನ ನ್ಯಾಯಾಧೀಶ ಶ್ರೀಕಾಂತ್ "ಶ್ರೀ" ಶ್ರೀನಿವಾಸನ್ ಅವರ ಬಗ್ಗೆ. ಚಂಡೀಗಢದಲ್ಲಿ ಹುಟ್ಟಿ ಕ್ಯಾನ್ಸಸ್‌ನಲ್ಲಿ ಬೆಳೆದ ತಮಿಳು ಮನೆತನದ ಹುಡುಗ. 2013ರಲ್ಲಿ ಡಿಸಿ ಮೇಲ್ಮನವಿ ಕೋರ್ಟಿಗೆ 97–0 ವೋಟಿನಿಂದ ಆಯ್ಕೆಯಾದರು, ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದರು. 2016ರ ಮಾರ್ಚ್‌ನಲ್ಲಿ ಒಬಾಮ ಅವರ ಕಿರುಪಟ್ಟಿಯಲ್ಲಿ ಅವರ ಹೆಸರಿದೆ ಅಂತ ಸುದ್ದಿ ಬಂದಾಗ ನಮ್ಮವರಿಗೆಲ್ಲ ಎಂಥ ಖುಷಿ! ಅವರನ್ನೇ ಹೆಸರಿಸಿದ್ದರೆ? 97–0ರ ಮನುಷ್ಯನಿಗೂ ಅದೇ ಮುಚ್ಚಿದ ಬಾಗಿಲು ಸಿಗುತ್ತಿತ್ತು. ಹನ್ನೊಂದು ಸಹಿಯ ಪತ್ರ ಹೆಸರು ನೋಡಿ ಬರೆದದ್ದಲ್ಲವಲ್ಲ.

ನ್ಯಾಯಮೂರ್ತಿಗಳ ನೇಮಕದಲ್ಲಿ ರಾಜಕೀಯ ಕೈ ಹಾಕಿದರೆ ಏನಾಗುತ್ತೆ ಅನ್ನೋದು ಕನ್ನಡಿಗರಿಗೆ ಹೊಸ ಪಾಠ ಅಲ್ಲ. 1973ರ ಏಪ್ರಿಲ್ 24ಕ್ಕೆ ಕೇಶವಾನಂದ ಭಾರತಿ ಕೇಸಿನ ತೀರ್ಪು ಬಂತು. ನಮ್ಮ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳ ಕೇಸು. ಮಾರನೇ ದಿನವೇ ಇಂದಿರಾ ಗಾಂಧಿ ಸರ್ಕಾರ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ದಾಟಿಸಿಕೊಂಡ ಮೂವರೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿದ್ದವರು. ಅವರಲ್ಲಿ ಒಬ್ಬರು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ನಾಲ್ಕು ವರ್ಷದ ಮೇಲೆ ಹೆಗ್ಡೆ ಅವರು ಲೋಕಸಭೆಯ ಸ್ಪೀಕರ್ ಆದರು. ಆ ಕಥೆ ಕೇಳಿ ಬೆಳೆದವರು ನಾವು. ಇಲ್ಲಿಗೆ ಬಂದ ಮೇಲೆ ಸುಮ್ನೆ ಕೂರೋದು ನಮಗೆ ಒಪ್ಪುವುದಿಲ್ಲ.

ಹಾಗಾದರೆ ನಿಯಮ ಏನಿರಬೇಕು? ನನ್ನ ಮಟ್ಟಿಗೆ ಸರಳ. ಅಧ್ಯಕ್ಷರನ್ನು ಆರಿಸೋದು ನಾಲ್ಕು ವರ್ಷಕ್ಕೆ, ಮೂರು ವರ್ಷಕ್ಕಲ್ಲ. ಅವರು ಯಾವಾಗ ಹೆಸರು ಕಳಿಸಿದರೂ ಇಂತಿಷ್ಟು ದಿನದೊಳಗೆ ವಿಚಾರಣೆ ಆಗಬೇಕು, ಇಂತಿಷ್ಟು ದಿನದೊಳಗೆ ವೋಟು ಬೀಳಬೇಕು. ಬೇಡ ಅನ್ನುವವರು ಬೇಡ ಅಂತ ವೋಟು ಹಾಕಲಿ. ಈ ನಿಯಮದಲ್ಲಿ 2016ರಲ್ಲಿ ಗಾರ್ಲೆಂಡ್‌ಗೆ ವೋಟು ಸಿಗುತ್ತಿತ್ತು, 2020ರಲ್ಲಿ ಬ್ಯಾರೆಟ್‌ಗೂ ಸಿಗುತ್ತಿತ್ತು. ಡೆಮಾಕ್ರಟ್ ಗೆಳೆಯರಿಗೆ ಇದು ಕಹಿಯಾಗಬಹುದು. ಆದರೂ ಹೇಳುತ್ತೇನೆ, ಬ್ಯಾರೆಟ್ ಅವರ ಆಯ್ಕೆ ತಪ್ಪಾಗಿ ಕಂಡದ್ದು 2016ರಲ್ಲಿ ಕೊಟ್ಟ ಮಾತಿನಿಂದ. ಆ ಮಾತು ಇಲ್ಲದಿದ್ದರೆ, ಅವಸರ ಜಾಸ್ತಿಯಾಯ್ತು ಅನ್ನಬಹುದಿತ್ತು, ಅಷ್ಟೇ.

ನಿಮಗೆ ಇದು ಬೇಡವಾ? ಚುನಾವಣೆ ವರ್ಷದಲ್ಲಿ ಯಾರನ್ನೂ ನೇಮಿಸಬಾರದು ಅನ್ನೋದೇ ಸರಿ ಅನಿಸುತ್ತಾ? ಅದನ್ನೂ ಬರೆದಿಡೋಣ. ಆಗ ಗಾರ್ಲೆಂಡೂ ಇಲ್ಲ, ಬ್ಯಾರೆಟ್ಟೂ ಇಲ್ಲ. ಈ ಎರಡರಲ್ಲಿ ಯಾವುದಾದರೂ ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಒಂದೇ. ಸೆನೆಟ್ ನಮ್ಮ ಕೈಯಲ್ಲಿದ್ದು ಅಧ್ಯಕ್ಷರು ಅವರ ಕಡೆಯವರಾದರೆ ತಡೆಯುತ್ತೇವೆ, ಎರಡೂ ನಮ್ಮದೇ ಆದರೆ ಓಡಿಸುತ್ತೇವೆ ಅನ್ನೋದು. 2020ರಲ್ಲಿ ಮಕಾನೆಲ್ ಕೊಟ್ಟ ಸಮಜಾಯಿಷಿ ಇದೇ. ಅದು ಶಕ್ತಿ ಇದ್ದವರ ಮಾತು. ಅದಕ್ಕೆ ನಿಯಮ ಅನ್ನೋ ಹೆಸರು ಕೊಡಬಾರದು.

ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಜಮೀನು ಹಿಸ್ಸೆ ಮಾಡಿಕೊಳ್ಳುವಾಗ ಹಿರಿಯರು ಒಂದು ಪದ್ಧತಿ ಹೇಳುತ್ತಿದ್ದರು. ಅಣ್ಣ ಭಾಗ ಮಾಡಲಿ, ತಮ್ಮ ಮೊದಲು ಆರಿಸಿಕೊಳ್ಳಲಿ. ಯಾವ ಪಾಲು ತನಗೆ ಬರುತ್ತೆ ಅಂತ ಗೊತ್ತಿಲ್ಲದವನು ಗೆರೆಯನ್ನು ನೇರವಾಗಿಯೇ ಎಳೆಯುತ್ತಾನೆ. ನಾನು ಈಗಲೇ ಕೇಳಿ ಅನ್ನೋದು ಇದಕ್ಕೇ. 2028ರಲ್ಲಿ ಅಧ್ಯಕ್ಷರ ಚುನಾವಣೆ ಇದೆ. ಆ ವರ್ಷ ಯಾವ ಕುರ್ಚಿ ಖಾಲಿಯಾಗುತ್ತೆ, ಯಾರದ್ದು, ಅದರಿಂದ ಯಾರಿಗೆ ಲಾಭ ಅಂತ ಇವತ್ತು ಯಾರಿಗೂ ಗೊತ್ತಿಲ್ಲ. ಗೊತ್ತಾದ ದಿನ ಯಾರೂ ನೇರವಾಗಿ ಮಾತಾಡೋದಿಲ್ಲ.

ಸಂವಿಧಾನ ಈ ವಿಷಯದಲ್ಲಿ ಸಹಾಯ ಮಾಡುವುದಿಲ್ಲ. ಅಧ್ಯಕ್ಷರು ಸೆನೆಟ್‌ನ ಸಲಹೆ ಮತ್ತು ಒಪ್ಪಿಗೆ ಪಡೆದು ನೇಮಿಸಬೇಕು ಅಂತ ಇದೆ, ಎಷ್ಟು ದಿನದೊಳಗೆ ಅಂತ ಇಲ್ಲ. ವಿಚಾರಣೆ ನಡೆಸಲೇಬೇಕು ಅಂತಲೂ ಇಲ್ಲ. ಗಡುವನ್ನು ಸೆನೆಟ್ ತನ್ನ ನಿಯಮಾವಳಿಯಲ್ಲೇ ಬರೆದುಕೊಳ್ಳಬಹುದು. ಬಹುಮತ ಇದ್ದವರು ನಾಳೆ ಅದನ್ನೂ ಮುರಿಯಬಹುದು, ನಿಜ. 2013 ಮತ್ತು 2017ರಲ್ಲಿ ನೋಡಿದೆವಲ್ಲ. ಆದರೆ ಬರೆದ ನಿಯಮವನ್ನು ಮುರಿಯುವಾಗ ವೋಟು ಹಾಕಬೇಕಾಗುತ್ತೆ, ಹೆಸರು ದಾಖಲಾಗುತ್ತೆ. ಬರೆಯದ ಮಾತನ್ನು ಮುರಿಯೋದಕ್ಕೆ ಒಂದು ಪತ್ರಿಕಾ ಹೇಳಿಕೆ ಸಾಕು.

ಇದಕ್ಕಿಂತ ಗಟ್ಟಿಯಾದ ಮದ್ದು ಇನ್ನೊಂದಿದೆ. ಭಾರತದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 65ಕ್ಕೆ ನಿವೃತ್ತಿ. ಯಾರು ಯಾವತ್ತು ಇಳಿಯುತ್ತಾರೆ ಅಂತ ವರ್ಷಗಳ ಮೊದಲೇ ಗೊತ್ತಿರುತ್ತೆ. ಅಲ್ಲಿ ನೇಮಕದ ತಕರಾರುಗಳು ಕಮ್ಮಿ ಇಲ್ಲ, ಆದರೆ ಯಾರ ಎಕ್ಸ್‌ರೇ ನೋಡಿಯೂ ರಾಜಕೀಯ ನಡೆಯುವುದಿಲ್ಲ. ಇಲ್ಲಿ ಆಜೀವ ಹುದ್ದೆ. 18 ವರ್ಷದ ಅವಧಿ ಮಾಡಿ, ಎರಡು ವರ್ಷಕ್ಕೊಬ್ಬರು ಇಳಿಯಲಿ ಅನ್ನೋ ಪ್ರಸ್ತಾಪ ಬಹಳ ದಿನದಿಂದ ಇದೆ. ಒಂಬತ್ತು ಜನ, 18 ವರ್ಷ, ಪ್ರತಿ ಅಧ್ಯಕ್ಷರಿಗೂ ಒಂದು ಅವಧಿಯಲ್ಲಿ ಇಬ್ಬರು. ಚುನಾವಣೆ ಇಲ್ಲದ ಬೆಸ ವರ್ಷಗಳಲ್ಲೇ ಇಳಿಯುವ ಹಾಗೆ ಮಾಡಿದರೆ ಈ ಜಗಳದ ಬೇರೇ ಒಣಗುತ್ತೆ. 2024ರ ಜುಲೈನಲ್ಲಿ ಬೈಡನ್ ಇದನ್ನು ಬೆಂಬಲಿಸಿದರು. ಆದರೆ ಚುನಾವಣೆ ವರ್ಷದಲ್ಲೇ ಬೆಂಬಲಿಸಿದ್ದರಿಂದ ಅದೂ ಪಕ್ಷದ ಮಾತಾಗಿ ಹೋಯಿತು. ಸಂವಿಧಾನ ತಿದ್ದುಪಡಿ ಇಲ್ಲದೆ ಆಗೋದಿಲ್ಲ ಅಂತ ಬಹಳ ಕಾನೂನು ಪಂಡಿತರು ಹೇಳುತ್ತಾರೆ. ಹಾಗಾಗಿ ಅದು ದೂರದ ದಾರಿ. ಇನ್ನು 2021ರಲ್ಲಿ ಕೆಲವು ಡೆಮಾಕ್ರಟರು ಕೋರ್ಟನ್ನು 13 ಜನಕ್ಕೆ ಹಿಗ್ಗಿಸುವ ಮಸೂದೆ ತಂದರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಇವತ್ತು ಇವರು 13 ಮಾಡಿದರೆ ನಾಳೆ ಅವರು ಇನ್ನಷ್ಟು ಮಾಡುತ್ತಾರೆ. 1869ರಿಂದ ನಿಂತ ಒಂಬತ್ತು ಅನ್ನೋ ಸಂಖ್ಯೆಯೂ ಆಗ ಜಗಳದ ವಸ್ತುವಾಗುತ್ತೆ.

ಕೆಳಗಿನ ಕೋರ್ಟ್‌ಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ. 2017ರಲ್ಲಿ ಟ್ರಂಪ್ ಬಂದಾಗ ನೂರಕ್ಕೂ ಹೆಚ್ಚು ಫೆಡರಲ್ ನ್ಯಾಯಾಧೀಶರ ಜಾಗ ಖಾಲಿ ಇದ್ದವು, ಹಿಂದಿನ ಎರಡು ವರ್ಷ ಸೆನೆಟ್ ತಡೆದಿಟ್ಟಿದ್ದರಿಂದ. 2024ರ ನವೆಂಬರ್ ಚುನಾವಣೆ ಆದ ಮೇಲೆ, ನಿವೃತ್ತಿಯಾಗುತ್ತೇನೆ ಅಂದಿದ್ದ ಕೆಲವು ನ್ಯಾಯಾಧೀಶರು ಮನಸ್ಸು ಬದಲಾಯಿಸಿ ಕುರ್ಚಿಯಲ್ಲೇ ಉಳಿದರು. ನ್ಯಾಯಾಧೀಶರೇ ಚುನಾವಣೆಯ ಫಲಿತಾಂಶ ನೋಡಿ ನಿವೃತ್ತಿ ತೀರ್ಮಾನಿಸುತ್ತಾರೆ ಅಂತ ಜನ ನಂಬಿದರೆ, ಅವರ ತೀರ್ಪನ್ನು ಯಾಕೆ ನಂಬಬೇಕು? 2022ರ ಜೂನ್‌ನಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಸುಪ್ರೀಂ ಕೋರ್ಟ್ ಮೇಲೆ ಪೂರ್ತಿ ಅಥವಾ ಸಾಕಷ್ಟು ವಿಶ್ವಾಸ ಇದೆ ಅಂದವರು 25 ಶೇಕಡಾ ಮಾತ್ರ. ನಾಲ್ಕರಲ್ಲಿ ಒಬ್ಬರು.

ಈಗ ಕೆಲಸದ ಮಾತು. ಸೆನೆಟರ್ ಆಫೀಸಿಗೆ ಫೋನ್ ಮಾಡೋದು ಕಷ್ಟ ಅಲ್ಲ. ವಾಷಿಂಗ್ಟನ್ನಿನ ಕ್ಯಾಪಿಟಲ್ ಸ್ವಿಚ್‌ಬೋರ್ಡ್ ನಂಬರ್ 202-224-3121. ನಿಮ್ಮ ಸೆನೆಟರ್ ಹೆಸರು ಹೇಳಿ, ಲೈನ್ ಕೊಡುತ್ತಾರೆ. ಎತ್ತುವವರು ಸಾಮಾನ್ಯವಾಗಿ ಚಿಕ್ಕ ವಯಸ್ಸಿನ ಸಿಬ್ಬಂದಿ. ಹೆಸರು, ಜಿಪ್ ಕೋಡ್ ಕೇಳುತ್ತಾರೆ. ನಮ್ಮ ಹೆಸರು ಬರೆದುಕೊಳ್ಳೋದಕ್ಕೆ ಅವರಿಗೆ ಸ್ವಲ್ಪ ಹೊತ್ತು ಬೇಕು, ನಿಧಾನವಾಗಿ ಅಕ್ಷರ ಬಿಡಿಸಿ ಹೇಳಿ. ಉಚ್ಚಾರಣೆಯ ಬಗ್ಗೆ ಸಂಕೋಚ ಬೇಡ. ನಿಮ್ಮ ವೋಟಿಗೂ ಅಷ್ಟೇ ಬೆಲೆ. ನಾನು ಫೋನ್ ಮಾಡಿದಾಗ ನನಗೆ ಸಿಕ್ಕಿದ್ದು, ಸಂವಿಧಾನದ ಬಗ್ಗೆ ಒಳ್ಳೆಯ ಮಾತುಗಳಿದ್ದ ಒಂದು ಸಿದ್ಧ ಉತ್ತರ. ನನ್ನ ಪ್ರಶ್ನೆಗೆ ಅದರಲ್ಲಿ ಹೌದೂ ಇರಲಿಲ್ಲ, ಇಲ್ಲವೂ ಇರಲಿಲ್ಲ. ಮತ್ತೆ ಕೇಳಿದ್ದೇನೆ. ಒಬ್ಬ ಕೇಳಿದರೆ ಸಿದ್ಧ ಉತ್ತರ ಬರುತ್ತೆ. ಒಂದೇ ಜಿಪ್ ಕೋಡ್‌ನಿಂದ ಇನ್ನೂರು ಜನ ಒಂದೇ ಪ್ರಶ್ನೆ ಕೇಳಿದರೆ ಯಾರಾದರೂ ಕೂತು ಓದಬೇಕಾಗುತ್ತೆ.

ಎರಡು ವರ್ಷಕ್ಕೊಮ್ಮೆ ಸೆನೆಟ್‌ನ ಮೂರನೇ ಒಂದು ಭಾಗ ಚುನಾವಣೆಗೆ ಬರುತ್ತೆ. ಅಭ್ಯರ್ಥಿಗಳು ನಮ್ಮ ದೇವಸ್ಥಾನಗಳಿಗೆ ಬರುತ್ತಾರೆ, ದೀಪಾವಳಿ ಕಾರ್ಯಕ್ರಮಕ್ಕೆ ಬರುತ್ತಾರೆ, ಕನ್ನಡ ಕೂಟದ ವೇದಿಕೆ ಹತ್ತಿ "ನಮಸ್ಕಾರ" ಅನ್ನುತ್ತಾರೆ. ನಾವು ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳುತ್ತೇವೆ. ತೆಗೆಸಿಕೊಳ್ಳಿ, ಬೇಡ ಅನ್ನೋದಿಲ್ಲ. ಶಾಲು ಹೊದಿಸಿದ ಮೇಲೆ ಮೈಕ್ ಹಿಡಿದು ಈ ಪ್ರಶ್ನೆ ಕೇಳಿ. ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಎರಡೂ ಪಕ್ಷದ ಅಭ್ಯರ್ಥಿಗಳ ಉತ್ತರವನ್ನು ಕೂಟದ ಪತ್ರಿಕೆಯಲ್ಲಿ ಅಕ್ಕಪಕ್ಕ ಅಚ್ಚು ಹಾಕಿ. ಮುಂದೆ ಜಾಗ ಖಾಲಿಯಾದ ದಿನ ನಿಮ್ಮ ಇಷ್ಟದ ಪಕ್ಷದವರೇ ಮಾತು ಬದಲಾಯಿಸಿದರೆ, ಮೊದಲ ಫೋನ್ ನಿಮ್ಮದೇ ಹೋಗಲಿ. ಎದುರು ಪಕ್ಷದವರು ಬೈದರೆ ಅವರಿಗೆ ಅಭ್ಯಾಸ ಇದೆ. ತಮ್ಮ ಕಡೆಯ ವೋಟುದಾರ ಫೋನ್ ಮಾಡಿದರೆ ಮಾತ್ರ ಅವರು ಹೆದರುತ್ತಾರೆ.

ಇಂತಿ,
ನಿಮ್ಮ ಹಾಗೆಯೇ ಇಲ್ಲಿ ವೋಟು ಹಾಕುವ ಒಬ್ಬ ಕನ್ನಡಿಗ